ತಂತಿ ಕೆಳಗಿನ ದಾರಿ

ಮಗಳ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಮೊಮ್ಮಗ ನನ್ನನ್ನು ತಿರುಗಾಡಲು ಕರೆದುಕೊಂಡು ಹೋದ. ಹ್ಯೂಸ್ಟನ್ ನಗರದ ಪಶ್ಚಿಮಕ್ಕೆ ವೆಸ್ಟ್‌ಚೇಸ್ ಎಂಬ ಬಡಾವಣೆ. ಎರಡು ಬೀದಿ ದಾಟುತ್ತಲೇ ಮನೆಗಳ ಸಾಲು ಮುಗಿದು ಉದ್ದಕ್ಕೂ ಹುಲ್ಲಿನ ಪಟ್ಟಿಯೊಂದು ಕಾಣಿಸಿತು. ಅದರ ನಡುವೆ ಹೈಟೆನ್ಶನ್ ಟವರುಗಳು, ಒಂದರ ಹಿಂದೆ ಒಂದು. ತಂತಿಯ ಅಡಿಯಲ್ಲೇ ಕಾಂಕ್ರೀಟಿನ ಕಾಲುದಾರಿ. ಒಬ್ಬಾಕೆ ಕೂಸಿನ ಗಾಡಿ ತಳ್ಳಿಕೊಂಡು ಹೊರಟಿದ್ದಳು. ಮುದುಕರಿಬ್ಬರು ಮಾತಾಡುತ್ತ ನಡೆದಿದ್ದರು. ನನ್ನ ಕಾಲು ಅಲ್ಲೇ ನಿಂತಿತು.

"ಬಾ ಅಜ್ಜಾ" ಎಂದ ಹುಡುಗ.

"ಅಲ್ಲಿ ಹೋಗಬಾರದು ಪುಟ್ಟಾ, ಮೇಲೆ ಲೈನಿದೆ."

"ಇದು ದಾರಿ ಅಜ್ಜಾ. ನಡೆಯೋಕೇ ಮಾಡಿದ್ದು."

ಅವನಿಗೆ ಒಂಬತ್ತು ವರ್ಷ. ನಾನು ಮೂವತ್ತನಾಲ್ಕು ವರ್ಷ ವಿದ್ಯುತ್ ಲೈನಿನ ಕೆಲಸ ಮಾಡಿ ನಿವೃತ್ತನಾದವನು. ಆ ಮೂವತ್ತನಾಲ್ಕು ವರ್ಷದಲ್ಲಿ ಲೈನಿನ ಕೆಳಗಿಂದ ಜನರನ್ನು ಎಬ್ಬಿಸಿ ಕಳಿಸುವುದೇ ನನ್ನ ಅರ್ಧ ಕೆಲಸವಾಗಿತ್ತು. ಬಣವೆ ಒಟ್ಟಿದವರು, ಗುಡಿಸಲು ಹಾಕಿದವರು, ಕಸ ಸುಡುವವರು, ಕ್ರಿಕೆಟ್ ಆಡುವ ಹುಡುಗರು, ಯಾರನ್ನೂ ಬಿಟ್ಟಿರಲಿಲ್ಲ. ಈಗ ನನ್ನ ಮೊಮ್ಮಗನೇ ಕೈಹಿಡಿದು ಅದರಡಿಗೆ ಎಳೆದೊಯ್ದ. ತಲೆಯ ಮೇಲೆ ಜುಂಯ್ ಎನ್ನುವ ಸದ್ದು ಕೇಳಿದ ಕೂಡಲೇ ಹಳೆಯ ಅಭ್ಯಾಸದಂತೆ ಕತ್ತೆತ್ತಿ ನೋಡಿದೆ. 138 ಕೆ.ವಿ. ಲೈನು ಎಂದು ಸಂಜೆ ಅಳಿಯ ಹುಡುಕಿ ಹೇಳಿದರು. ಅಂದರೆ 1,38,000 ವೋಲ್ಟ್. ನಾನು ಬಹುಕಾಲ ನೋಡಿಕೊಂಡದ್ದು 110 ಕೆ.ವಿ. ಲೈನು. ಇದು ಅದರ ಅಣ್ಣ.

ಒಂದು ವಿದ್ಯುತ್ ಕಂಪನಿ ತನ್ನ ಟವರಿನ ಬುಡದಲ್ಲಿ ಊರ ಜನರನ್ನು ನಡೆಯಲು ಬಿಟ್ಟಿದ್ದು ಹೇಗೆ? ಯಾವ ಧೈರ್ಯದ ಮೇಲೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದಕ್ಕೆಂದೇ ಟೆಕ್ಸಸ್ಸಿನಲ್ಲಿ ಒಂದು ಕಾಯಿದೆ ಇದೆ ಎಂದು ಮಗಳು ಅದರ ಪ್ರತಿ ಮುದ್ರಿಸಿ ಕೊಟ್ಟಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾಲ್ಕು ದಿನ ಓದಿದೆ.

ಹ್ಯೂಸ್ಟನ್ ಅಂಗೈಯಂತೆ ಸಪಾಟಾದ ಊರು. ಊರ ತುಂಬ ಬಾಯೂ ಎಂದು ಕರೆಯುವ ತೊರೆಗಳಿವೆ. ಹರಿವು ನಿಧಾನ, ಮಳೆ ಬಂದರೆ ಉಕ್ಕು. ಬಫೆಲೊ ಬಾಯೂ, ಬ್ರೇಸ್ ಬಾಯೂ, ವೈಟ್ ಓಕ್, ಸಿಮ್ಸ್, ಗ್ರೀನ್ಸ್ ಎಂದೆಲ್ಲ ಹೆಸರು. 2012ರ ನವೆಂಬರಿನಲ್ಲಿ ಇಲ್ಲಿನ ಮತದಾರರು ಈ ತೊರೆಗಳ ದಂಡೆಯುದ್ದಕ್ಕೂ ನಡಿಗೆಯ, ಸೈಕಲ್ಲಿನ ದಾರಿ ಮಾಡಲು 10 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರ್ ದಾರಿಯ ಯೋಜನೆ ಅದು. ಆದರೆ ತೊರೆಗಳೆಲ್ಲ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ, ಕಡಲ ಕಡೆಗೆ ಹರಿಯುತ್ತವೆ. ಒಂದು ತೊರೆಯ ದಂಡೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ನಡುವೆ ಬಡಾವಣೆಗಳು, ಎಂಟು-ಹತ್ತು ಸಾಲಿನ ರಸ್ತೆಗಳು. ಇಲ್ಲಿ ಕಾರಿಲ್ಲದವನು ರಸ್ತೆ ದಾಟುವುದೇ ಒಂದು ಸಾಹಸ. ಉತ್ತರ-ದಕ್ಷಿಣವಾಗಿ ಊರನ್ನು ಸೀಳಿಕೊಂಡು ಹೋಗುವ ಖಾಲಿ ಜಾಗವೆಂದರೆ ಒಂದೇ, ವಿದ್ಯುತ್ ಲೈನಿನ ಕಾರಿಡಾರ್. ಸೀರೆಯ ಹಾಸು ತೊರೆಗಳಾದರೆ ಹೊಕ್ಕು ಈ ಕಾರಿಡಾರುಗಳು. ಎರಡೂ ಸೇರಿದರೆ ಇಡೀ ಊರಿಗೆ ನಡಿಗೆಯ ಜಾಲವೊಂದು ಸಿಗುತ್ತದೆ.

ಜಾಗದ ಹಕ್ಕು ಸೆಂಟರ್‌ಪಾಯಿಂಟ್ ಎನರ್ಜಿ ಕಂಪನಿಯದು. ಇಂಥ ಕಂಪನಿ ಯಾಕೆ ಹಿಂದೇಟು ಹಾಕುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಲಿಯೊಳಗೆ ಬಂದವನು ತಪ್ಪಿತಸ್ಥ. ಬೇಲಿ ತೆಗೆದು ಬಾ ಎಂದ ಮೇಲೆ ಅವನು ಅತಿಥಿ. ಅತಿಥಿ ಎಡವಿ ಬಿದ್ದರೆ ಕರೆದವನನ್ನು ಕೇಳುತ್ತಾರೆ. ಕಂಪನಿಗೆ ಇದರಿಂದ ಒಂದು ಕಾಸಿನ ಲಾಭವಿಲ್ಲ, ಮೇಲೆ ಕೋರ್ಟಿನ ಭಯ ಬೇರೆ. ಲಾಭವಿಲ್ಲದೆ ಅಪಾಯ ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ?

2013ರಲ್ಲಿ ಟೆಕ್ಸಸ್ ಶಾಸನಸಭೆ ಈ ಗಂಟು ಬಿಚ್ಚಿತು. ಜಿಮ್ ಮರ್ಫಿ ಎಂಬ ಪ್ರತಿನಿಧಿ ತಂದ 200ನೇ ಸಂಖ್ಯೆಯ ಮಸೂದೆ ಕಾಯಿದೆಯಾಯಿತು. 40 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಕೌಂಟಿಗೆ ಮಾತ್ರ ಅನ್ವಯ ಎಂದು ಅದರಲ್ಲಿ ಬರೆದಿದ್ದರು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಜನಸಂಖ್ಯೆ 2010ರ ಗಣತಿಯಲ್ಲಿ 40 ಲಕ್ಷ 92 ಸಾವಿರ. ಟೆಕ್ಸಸ್ಸಿನ ಇನ್ನಾವ ಕೌಂಟಿಯೂ ಅದರ ಹತ್ತಿರ ಬರುತ್ತಿರಲಿಲ್ಲ. ಹೆಸರು ಹೇಳದೆಯೇ ಒಂದೇ ಊರಿಗೆಂದು ಬರೆದ ಕಾಯಿದೆ ಅದು. ಮರುವರ್ಷ ನಗರಕ್ಕೂ ಕಂಪನಿಗೂ ಒಪ್ಪಂದವಾಯಿತು.

ಕಾಯಿದೆಯ ಮಾತು ಸರಳವಾಗಿದೆ. ವಿದ್ಯುತ್ ಕಂಪನಿ ನಗರಸಭೆಯಂಥ ಸ್ಥಳೀಯ ಆಡಳಿತದೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ತನ್ನ ಜಾಗವನ್ನು ಜನರ ಆಟ, ವ್ಯಾಯಾಮ, ವಿಶ್ರಾಂತಿ, ಓಡಾಟಕ್ಕೆ ಬಿಡಬಹುದು. ಸ್ವಂತ ಜಮೀನಾದರೂ ಸರಿ, ಲೈನು ಎಳೆಯಲು ಪಡೆದ ಹಕ್ಕಷ್ಟೇ ಇದ್ದರೂ ಸರಿ. ಹಾಗೆ ಬಿಟ್ಟ ಮಾತ್ರಕ್ಕೆ "ಈ ಜಾಗ ಸುರಕ್ಷಿತ" ಎಂದು ಅದು ಭರವಸೆ ಕೊಟ್ಟಂತಲ್ಲ. ಅಲ್ಲಿಗೆ ಬಂದವರ ಗಾಯಕ್ಕೂ ಸಾವಿಗೂ ವಸ್ತು ಹಾನಿಗೂ ಮೂರನೆಯವರ ಕೃತ್ಯಕ್ಕೂ ಅದು ಹೊಣೆಯಲ್ಲ. ಒಂದೇ ಒಂದು ಹೊರತು: ಅಪಾಯಕಾರಿ ಸ್ಥಿತಿಯೊಂದರ ಬಗ್ಗೆ ಕಂಪನಿ ಬೇಕೆಂದೇ ಅಥವಾ ಘೋರ ನಿರ್ಲಕ್ಷ್ಯದಿಂದ ನಡೆದುಕೊಂಡು, ಅದರಿಂದ ಯಾರಿಗಾದರೂ ತೀವ್ರ ಗಾಯವೋ ಸಾವೋ ಆದರೆ ಹೊಣೆ ತಪ್ಪುವುದಿಲ್ಲ. ದಾವೆ ಬಿದ್ದರೆ ವಕೀಲರ ಖರ್ಚಿಗೆ ಬೇಕಾದ ವಿಮೆಯನ್ನು ಆಡಳಿತವೇ ಕಟ್ಟಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಲೂ ಅವಕಾಶವಿದೆ.

ಇಷ್ಟು ಓದುವವರೆಗೆ ನಾನು ತಲೆದೂಗುತ್ತಲೇ ಇದ್ದೆ. ಸೈಕಲ್ಲಿನಿಂದ ಬಿದ್ದು ಮಂಡಿ ತರಚಿದರೆ ಅದಕ್ಕೆ ಲೈನಿನವರು ಯಾಕೆ ದುಡ್ಡು ಕೊಡಬೇಕು? ಆದರೆ ನಡುವೆ ಒಂದು ಸಾಲಿತ್ತು. ಹೀಗೆ ಬರುವ ವ್ಯಕ್ತಿಗೆ, ಅತಿಕ್ರಮವಾಗಿ ಒಳನುಗ್ಗಿದವನಿಗೆ ತೋರಿಸಬೇಕಾದಷ್ಟೇ ಎಚ್ಚರ ತೋರಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಬೇಕಿಲ್ಲ.

ಅತಿಕ್ರಮ ಪ್ರವೇಶ. ಆ ಎರಡು ಪದ ನೋಡಿ ಕಾಗದ ಮಡಚಿ ಇಟ್ಟೆ. ಆವತ್ತು ಮತ್ತೆ ಓದಲಿಲ್ಲ.

1995ರ ಬೇಸಿಗೆ. ತುಂಗಭದ್ರೆಯ ದಂಡೆಯ ಒಂದು ಊರಿನ ಹೊರಗೆ ನಮ್ಮ 110 ಕೆ.ವಿ. ಲೈನಿನ ಟವರೊಂದಿತ್ತು. ಊರ ಶಾಲೆಯಿಂದ ಕೂಗಳತೆ. ಟವರಿನ ನಾಲ್ಕು ಕಾಲಿಗೂ ಆಳೆತ್ತರಕ್ಕಿಂತ ಮೇಲೆ ಮುಳ್ಳುತಂತಿ ಸುತ್ತಿರಬೇಕು, ಯಾರೂ ಹತ್ತದ ಹಾಗೆ. ಅಪಾಯದ ಬೋರ್ಡು ಇರಬೇಕು. ಎರಡನ್ನೂ ಯಾರೋ ಗುಜರಿಗೆ ಬಿಚ್ಚಿಕೊಂಡು ಹೋಗಿದ್ದರು. ನಾನು ಮೇಲಿನವರಿಗೆ ಮೂರು ಪತ್ರ ಬರೆದಿದ್ದೆ. ಮುಳ್ಳುತಂತಿ ಸ್ಟೋರಿನಲ್ಲಿ ಇಲ್ಲ ಎಂದು ಒಂದಕ್ಕೆ ಉತ್ತರ ಬಂತು. ಉಳಿದ ಎರಡಕ್ಕೆ ಅದೂ ಇಲ್ಲ.

ಒಂದು ಮಧ್ಯಾಹ್ನ ಲೈನು ಟ್ರಿಪ್ ಆಯಿತು. ಸ್ವಲ್ಪ ಹೊತ್ತಿಗೆ ಲೈನ್‌ಮನ್ ಸೈಕಲ್ ತುಳಿದುಕೊಂಡು ಬಂದ. "ಸಾಹೇಬ್ರ, ಹುಡುಗ ಟವರ್ ಹತ್ಯಾನ್ರೀ, ಗಾಳಿಪಟ ತಗ್ಯಾಕ" ಎಂದವನ ಬಾಯಿ ಒಣಗಿತ್ತು. ಹನ್ನೊಂದು ವರ್ಷದ ಹುಡುಗ. ಜೀವ ಉಳಿಯಿತು. ಬಲಗೈಯನ್ನು ಮೊಣಕೈ ಮೇಲಕ್ಕೆ ತೆಗೆಯಬೇಕಾಯಿತು.

ಅಪಘಾತದ ವರದಿ ನಾನೇ ಬರೆದೆ. "ಅತಿಕ್ರಮ ಪ್ರವೇಶ ಮಾಡಿ ಟವರ್ ಏರಿದ ಕಾರಣ" ಎಂದು ಬರೆದೆ. ಮೂರು ಪತ್ರದ ಪ್ರಸ್ತಾಪ ಬೇಡ ಎಂದು ಮೇಲಧಿಕಾರಿ ಹೇಳಿದರು. ನಾನು ಬಿಟ್ಟೆ. ಅವರು ಹೇಳಿದರು ನಿಜ, ಸಹಿ ಹಾಕಿದ್ದು ನಾನು. ಹುಡುಗನ ತಂದೆ ದಾವೆ ಹಾಕಿದಾಗ ನಮ್ಮ ಕಡೆಯ ವಕೀಲರು ಆ ಎರಡು ಪದವನ್ನೇ ಹಿಡಿದುಕೊಂಡು ವಾದಿಸಿದರು. ಕಟಕಟೆಯಲ್ಲಿ ನನ್ನನ್ನು ನಿಲ್ಲಿಸಿದಾಗ ಎದುರು ವಕೀಲರು, "ಮುಳ್ಳುತಂತಿ ಇಲ್ಲದ್ದು ನಿಮಗೆ ಮೊದಲೇ ಗೊತ್ತಿತ್ತೇ?" ಎಂದು ಕೇಳಿದರು. ಗೊತ್ತಿತ್ತು ಎಂದೆ. ಔಟ್‌ವರ್ಡ್ ರಿಜಿಸ್ಟರ್ ತರಿಸಿದರು. ಮೂರು ಪತ್ರದ ನಂಬರೂ ತಾರೀಖೂ ಅದರಲ್ಲಿದ್ದವು. ತೀರ್ಪು ಬಂದದ್ದು 2004ರಲ್ಲಿ. ಹುಡುಗನಿಗೆ ಆಗ ಇಪ್ಪತ್ತು. ಪರಿಹಾರದ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿದ.

ಆ ಕೇಸು ತಿರುಗಿದ್ದು ನನ್ನ ಪತ್ರಗಳಿಂದಲ್ಲ ಎನ್ನುವುದನ್ನೂ ಹೇಳಬೇಕು. ನಡುವೆ, 2002ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಮಧ್ಯಪ್ರದೇಶ ವಿದ್ಯುತ್ ಮಂಡಳಿಗೂ ಶೈಲಕುಮಾರಿ ಎಂಬವರಿಗೂ ನಡೆದ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ರಾತ್ರಿ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟವನೊಬ್ಬ ರಸ್ತೆಯಲ್ಲಿ ಬಿದ್ದಿದ್ದ ಜೀವಂತ ತಂತಿ ತಗುಲಿ ಸತ್ತಿದ್ದ. ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು, ನಮ್ಮ ತಪ್ಪಲ್ಲ ಎಂದು ಮಂಡಳಿ ವಾದಿಸಿತು. ಕೋರ್ಟು ಒಪ್ಪಲಿಲ್ಲ. ವಿದ್ಯುತ್ತಿನಂಥ ಅಪಾಯದ ವಸ್ತುವನ್ನು ಊರೆಲ್ಲ ಹರಿಸುವವರು, ತಮ್ಮ ನಿರ್ಲಕ್ಷ್ಯ ಇರಲಿ ಬಿಡಲಿ, ಅದರಿಂದಾದ ಹಾನಿಗೆ ಹೊಣೆ ಎಂದಿತು. ನಮ್ಮ ನ್ಯಾಯಾಧೀಶರು ಆ ತೀರ್ಪನ್ನೇ ಆಧಾರವಾಗಿ ಇಟ್ಟುಕೊಂಡರು. ತಪ್ಪು ಯಾರದು ಎಂದು ಅಳೆಯುವ ಅಗತ್ಯವೇ ಬೀಳಲಿಲ್ಲ.

ಒಂದು ತುದಿಯಲ್ಲಿ ನಮ್ಮ ಕಾನೂನು, ಇನ್ನೊಂದು ತುದಿಯಲ್ಲಿ ಟೆಕ್ಸಸ್ಸಿನ ಈ ಕಲಂ. ನಮ್ಮಲ್ಲಿ ತಪ್ಪಿಲ್ಲದಿದ್ದರೂ ಹೊಣೆ. ಇಲ್ಲಿ ಸಾಮಾನ್ಯ ತಪ್ಪಿದ್ದರೂ ಹೊಣೆಯಿಲ್ಲ, ತಪ್ಪು ಘೋರವಾಗಿದ್ದರೆ ಮಾತ್ರ.

ಜಾಗದ ಒಡೆತನದಲ್ಲೂ ಅಂಥದೇ ಅಂತರವಿದೆ. ನಮ್ಮಲ್ಲಿ ಲೈನಿನ ಕೆಳಗಿನ ನೆಲ ಹೆಚ್ಚಾಗಿ ರೈತನದೇ. 1885ರ ಟೆಲಿಗ್ರಾಫ್ ಕಾಯಿದೆಯ ಬಲದಿಂದ ತಂತಿ ಎಳೆಯುತ್ತಿದ್ದೆವು. 110 ಕೆ.ವಿ.ಗೆ 22 ಮೀಟರ್, 220ಕ್ಕೆ 35 ಮೀಟರ್ ಅಗಲದ ಕಾರಿಡಾರ್. ಅದರಡಿ ಜೋಳ ಬೆಳೆಯಬಹುದು, ತೆಂಗು ಹಾಕುವಂತಿಲ್ಲ. ಬಹುಕಾಲ ರೈತನಿಗೆ ಸಿಗುತ್ತಿದ್ದದ್ದು ಹಾಳಾದ ಬೆಳೆಯ ಬೆಲೆ, ಕಡಿದ ಮರದ ಬೆಲೆ. 2015ರಲ್ಲಿ ಕೇಂದ್ರ ಸರ್ಕಾರ ಟವರಿನ ಬುಡಕ್ಕೆ ಜಮೀನು ಬೆಲೆಯ ಶೇ 85, ಕಾರಿಡಾರಿಗೆ ಗರಿಷ್ಠ ಶೇ 15 ಎಂದು ಮಾರ್ಗಸೂಚಿ ತಂದಿತು. 2024ರಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿತು. ಹೀಗಾಗಿ "ಕಂಪನಿ ತನ್ನ ಜಾಗವನ್ನು ಜನರಿಗೆ ಬಿಡುವುದು" ಎಂಬ ಮಾತು ನಮ್ಮ ಹಳ್ಳಿಗಳ ಮಟ್ಟಿಗೆ ಹುಟ್ಟುವುದೇ ಇಲ್ಲ. ಕಂಪನಿಗೆ ಅಲ್ಲಿ ಬಿಡಲು ಜಾಗವಿಲ್ಲ.

ಮತ್ತೆ ಆ ಕಾಗದ ಬಿಚ್ಚಿದಾಗ ಕೊನೆಯ ಕಡೆ ಇನ್ನೊಂದು ಸಾಲು ಸಿಕ್ಕಿತು. ಮಕ್ಕಳನ್ನು ಸೆಳೆಯುವ ಅಪಾಯದ ಕುರಿತ ನ್ಯಾಯತತ್ವ ಈ ಕಲಮಿಗೆ ಒಳಪಟ್ಟ ದಾವೆಗಳಿಗೆ ಅನ್ವಯಿಸುವುದಿಲ್ಲ ಎಂದಿತ್ತು. ಅದೇನು ಎಂದು ಹುಡುಕಿದೆ. ಅಮೆರಿಕದ ರೈಲ್ವೆ ಕಥೆಯೊಂದರಿಂದ ಅದು ಬೆಳೆದದ್ದು. ನೆಬ್ರಾಸ್ಕದ ಬ್ಲೇರ್ ಎಂಬ ಊರಿನಲ್ಲಿ ರೈಲು ಎಂಜಿನ್ ತಿರುಗಿಸುವ ದೊಡ್ಡ ಚಕ್ರಮಣೆ ಇತ್ತು. ಅದರ ಚಿಲಕ ಮುರಿದಿತ್ತು, ಕಾವಲಿರಲಿಲ್ಲ. ಹುಡುಗರು ಅದನ್ನು ತಿರುಗಿಸಿ ಆಡುವುದನ್ನು ಕೆಲಸಗಾರನೊಬ್ಬ ಹಿಂದೆಯೇ ನೋಡಿ ಗದರಿದ್ದ. ಒಂದು ದಿನ ಆರು ವರ್ಷದ ಹುಡುಗನ ಪಾದ ಅದಕ್ಕೆ ಸಿಕ್ಕಿ ಜಜ್ಜಿಹೋಯಿತು. ಹುಡುಗ ಅತಿಕ್ರಮ ಪ್ರವೇಶ ಮಾಡಿದವನು ಎಂದು ರೈಲ್ವೆ ಕಂಪನಿ ಹೇಳಿತು. 7,500 ಡಾಲರ್ ಪರಿಹಾರ ಕೊಟ್ಟ ತೀರ್ಪನ್ನು 1873ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಕ್ಕಳನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಬಾರದು, ಅವರನ್ನು ಸೆಳೆಯುವ ಯಂತ್ರವನ್ನು ಬಯಲಲ್ಲಿ ಇಟ್ಟವನು ಅದನ್ನು ಭದ್ರ ಮಾಡಬೇಕು ಎಂಬ ವಿಚಾರ ಅಲ್ಲಿಂದ ಬೇರು ಬಿಟ್ಟಿತು.

ಚಿಲಕ ಮುರಿದಿತ್ತು, ಗೊತ್ತಿತ್ತು, ಸರಿ ಮಾಡಲಿಲ್ಲ. ನಮ್ಮ ಟವರಿನ ಕಥೆಯಲ್ಲಿ ಮತ್ತೇನಿದೆ?

ಈ ಒಂದು ಸಾಲನ್ನು ನಾನು ಒಪ್ಪಲಾರೆ. ದೊಡ್ಡವರಿಗೆ "ನಿಮ್ಮ ಎಚ್ಚರ ನಿಮಗೆ" ಎನ್ನಬಹುದು. ಮಕ್ಕಳಿಗೆಂದೂ ತೆರೆದ ದಾರಿಯ ಪಕ್ಕ ಏಣಿಯಂತೆ ಕಾಣುವ ಕಬ್ಬಿಣದ ಟವರು ನಿಲ್ಲಿಸಿ, ಮಕ್ಕಳಿಗೂ ಅದೇ ಮಾತು ಹೇಳುವುದು ಸರಿಯಲ್ಲ.

ಹಾಗೆಂದು ಕಾಯಿದೆಯೇ ಬೇಡ ಎನ್ನುತ್ತೇನೆಯೇ? ಇಲ್ಲ. ಬೇಲಿ ಹಾಕಿದ ಕಾರಿಡಾರ್ ಹೇಗಿರುತ್ತದೆಂದು ಬಲ್ಲವನು ನಾನು. ಮುಳ್ಳುತಂತಿ ಕಳವಾಗುವುದು ಜನ ಓಡಾಡದ ಟವರಿನಲ್ಲಿ. ಆ್ಯಂಗಲ್ ಬಿಚ್ಚಿ ಟವರು ವಾಲುವುದೂ ಅಲ್ಲೇ. ಕಸಕ್ಕೆ ಬೆಂಕಿ ಬಿದ್ದು ಹೊಗೆ ತಂತಿಗೆ ತಾಗಿ ಲೈನು ಟ್ರಿಪ್ ಆಗುವುದೂ ಅಲ್ಲೇ. ವೆಸ್ಟ್‌ಚೇಸ್‌ನ ಈ ದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೂರಾರು ಕಣ್ಣು ಓಡಾಡುತ್ತವೆ. ಯಾವ ಸಂಸ್ಥೆಯೂ ಅಷ್ಟು ಜನ ಗ್ಯಾಂಗ್‌ಮನ್‌ಗಳನ್ನು ಇಡಲಾರದು. ಇಲ್ಲಿ ನಾಯಿ ಹಿಡಿದು ಬರುವ ಒಬ್ಬ ಹಿರಿಯರಿದ್ದಾರೆ, ಮಂಡಿ ನೋವಿನವರು. ಮೂರು ಫರ್ಲಾಂಗ್ ನಡೆದು ಬೆಂಚಿನ ಮೇಲೆ ಕೂರುತ್ತಾರೆ. ಮೊದಲು ಕಾರಿನಲ್ಲಿ ಪಾರ್ಕಿಗೆ ಹೋಗಿ ನಡೆದು ಬರುತ್ತಿದ್ದರಂತೆ. ಈಗ ಕಣ್ಣು ಮಂಜಾಗಿ ಕಾರು ಬಿಟ್ಟಿದ್ದಾರೆ. ಈ ದಾರಿ ಇಲ್ಲದಿದ್ದರೆ ಅವರು ಮನೆಯೊಳಗೇ ಉಳಿಯುತ್ತಿದ್ದರು.

ನನ್ನ ಚಿಂತೆ ಇನ್ನೊಂದು ಕಡೆ ಇದೆ. ಟೆಕ್ಸಸ್ ಕಾನೂನಿನಲ್ಲಿ ಘೋರ ನಿರ್ಲಕ್ಷ್ಯ ಎಂದು ಸಾಬೀತು ಮಾಡಲು ಎರಡು ಸಂಗತಿ ಬೇಕು. ಅಪಾಯ ವಿಪರೀತ ಮಟ್ಟದ್ದಾಗಿರಬೇಕು. ಅದು ತನಗೆ ನಿಜವಾಗಿ ಗೊತ್ತಿದ್ದೂ ಲೆಕ್ಕಿಸದೆ ಮುಂದುವರಿದಿರಬೇಕು. ಗೊತ್ತಿತ್ತೇ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮೂರ ಕೋರ್ಟಿನಲ್ಲಿ ಕೊನೆಗೆ ಬೇಕಾಗದೆ ಹೋದ ಆ ಮೂರು ಪತ್ರ ಇಲ್ಲಾಗಿದ್ದರೆ ಹುಡುಗನ ಪಾಲಿಗೆ ಸರ್ವಸ್ವ. ಯಾವುದೋ ಎಂಜಿನಿಯರು ಬರೆದಿದ್ದಾನೆ, ಕಚೇರಿ ಓದಿದೆ, ಸುಮ್ಮನಿದೆ ಎಂಬುದೇ ಸಾಕ್ಷಿ. ಆದರೆ ಎಂಜಿನಿಯರು ಬರೆಯದೇ ಇದ್ದರೆ? ಲೈನಿನ ಗಸ್ತೇ ಹೋಗದಿದ್ದರೆ? ನೋಡದವನಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲದವನಿಗೆ ಹೊಣೆಯಿಲ್ಲ. ಕೆಲಸ ಮಾಡಿದ ಸಂಸ್ಥೆ ಸಿಕ್ಕಿಬೀಳುತ್ತದೆ, ಕಣ್ಣು ಮುಚ್ಚಿಕೊಂಡದ್ದು ಪಾರಾಗುತ್ತದೆ. ಇಂಥ ಕಾಯಿದೆ ಬರೆಯುವವರು ನನ್ನಂಥವನ ಮಾತು ಕೇಳುವುದಾದರೆ ಒಂದು ವಾಕ್ಯ ಸೇರಿಸಿ ಎನ್ನುತ್ತೇನೆ. ಹೊಣೆಯ ವಿನಾಯಿತಿ ಬೇಕಾದವರು ದಾರಿಯ ಪಕ್ಕದ ಪ್ರತಿ ಟವರನ್ನೂ ನಿಗದಿತ ಅವಧಿಗೊಮ್ಮೆ ನೋಡಿ, ನೋಡಿದ್ದನ್ನು ಬರೆದು, ಬರೆದದ್ದನ್ನು ಕೇಳಿದವರಿಗೆ ತೋರಿಸಬೇಕು. ಗಸ್ತು ಪುಸ್ತಕ ಇಡುವುದು ಲೈನಿನವರಿಗೆ ಹೊಸದೇನಲ್ಲ.

ಮುಂದೆಂದಾದರೂ ನಮ್ಮ ನಗರಗಳಲ್ಲಿ ಲೈನಿನ ಕೆಳಗಿನ ಪಟ್ಟಿಯನ್ನು ನಡಿಗೆಗೆ ಬಿಡಬೇಕೆಂದು ಯಾರಾದರೂ ಹೊರಟರೆ, ಈ ಕಾಯಿದೆಯನ್ನು ಹಾಗೆಯೇ ಎತ್ತಿ ತರಬಾರದು. ಮಂಡಿ ತರಚಿದ್ದಕ್ಕೂ ಕರೆಂಟು ಹೊಡೆದದ್ದಕ್ಕೂ ನಡುವೆ ಗೆರೆ ಎಳೆಯಬೇಕು. ಎಡವಿ ಬಿದ್ದದ್ದು, ಸೈಕಲ್ ಜಾರಿದ್ದು, ನಾಯಿ ಕಚ್ಚಿದ್ದು ಇವೆಲ್ಲ ಲೈನಿನವರ ಹೊಣೆಯಲ್ಲ ಎಂದು ಧಾರಾಳವಾಗಿ ಬರೆಯಲಿ. ವಿದ್ಯುತ್ತಿನಿಂದಲೇ ಆದ ಹಾನಿಗೆ ಮಾತ್ರ 2002ರ ತೀರ್ಪೇ ಇರಲಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಒಂಬತ್ತು ತಿಂಗಳ ಮಗಳು ಸತ್ತರು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಆ ರಕ್ಷಣೆಯನ್ನು ಸಡಿಲ ಮಾಡುವ ಯಾವ ಮಾತಿಗೂ ನನ್ನ ಒಪ್ಪಿಗೆಯಿಲ್ಲ.

ಹೋದ ವಾರ ಮೊಮ್ಮಗನ ಕೈಯಲ್ಲಿ ಗಾಳಿಪಟ ಕಂಡಿತು. ಶಾಲೆಯಲ್ಲಿ ಮಾಡಿದ್ದಂತೆ, ಕೆಂಪು ಬಣ್ಣದ್ದು. ಅದನ್ನು ಹಿಡಿದು ದಾರಿಯ ಕಡೆ ಓಡುತ್ತಿದ್ದ. ನಾನು ಕೂಗಿದ ಕೂಗಿಗೆ ಮಗಳು ಅಡುಗೆಮನೆಯಿಂದ ಹೊರಗೆ ಬಂದಳು. ಅವತ್ತು ಅವನನ್ನು ಕೂರಿಸಿಕೊಂಡು ಆ ಹುಡುಗನ ಕಥೆ ಹೇಳಿದೆ. ವರದಿಯಲ್ಲಿ ನಾನು ಬರೆದದ್ದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಗಾಳಿಪಟ ಸಿಕ್ತಾ?" ಎಂದು ಕೇಳಿದ. ನನಗೆ ನೆನಪಿಲ್ಲ ಎಂದೆ.

ಗಾಳಿಪಟವನ್ನು ಈಗ ತಂತಿಯಿಲ್ಲದ ಬಯಲಿನಲ್ಲಿ, ಬ್ರೇಸ್ ಬಾಯೂ ಪಕ್ಕದ ಪಾರ್ಕಿನಲ್ಲಿ ಹಾರಿಸುತ್ತೇವೆ. ಅಲ್ಲಿಗೆ ಹೋಗುವ ದಾರಿ ಇದೇ, ತಂತಿಯ ಕೆಳಗಿನದು. ಅವನು ಗಾಳಿಪಟವನ್ನು ದಾರದ ಸಮೇತ ಚೀಲದೊಳಗೆ ಹಾಕಿ ಬೆನ್ನಿಗೇರಿಸಿಕೊಳ್ಳುತ್ತಾನೆ. ಪ್ರತಿ ಟವರಿನ ಹತ್ತಿರ ಒಂದು ಕ್ಷಣ ನಿಂತು ನಂಬರು ಓದುತ್ತಾನೆ, "ಬೋರ್ಡು ಇದೆ ಅಜ್ಜಾ" ಎನ್ನುತ್ತಾನೆ. ನಾನು ಜೇಬಿನ ಡೈರಿ ತೆಗೆದು ನಂಬರಿನ ಮುಂದೆ ತಾರೀಖು ಬರೆದುಕೊಳ್ಳುತ್ತೇನೆ.